ಸ್ಯಾಂಡ್‌ವಿಚ್ ಎಂಬ ಹೆಸರಿನ ಮನುಷ್ಯ

ಮಧ್ಯಾಹ್ನದ ಬಿಡುವಿನ ಬೆಲ್ ಹೊಡೆದ ಕೂಡಲೇ ನಮ್ಮ ಕಾಲೇಜಿನ ಗೇಟಿನ ಎದುರಿನ ಬೇಕರಿ ತುಂಬಿಹೋಗುತ್ತದೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಇಷ್ಟ. ಕೆಲವರಿಗೆ ಹಸಿರು ಚಟ್ನಿ ಹಚ್ಚಿ ಆಲೂಗಡ್ಡೆ, ಸೌತೆಕಾಯಿ, ಟೊಮೆಟೊ, ಬೀಟ್‌ರೂಟ್ ಬಿಲ್ಲೆಗಳನ್ನು ಜೋಡಿಸಿದ ಬಾಂಬೆ ಸ್ಯಾಂಡ್‌ವಿಚ್ ಬೇಕು. ಕೆಲವರಿಗೆ ಬ್ರೆಡ್ ಆಮ್ಲೆಟ್. ನನಗೆ ಮಾತ್ರ ಮನೆಯದೇ ಆಗಬೇಕು. ರಾತ್ರಿ ಉಳಿದ ಕಬಾಬನ್ನು ಈರುಳ್ಳಿ, ನಿಂಬೆರಸದ ಜೊತೆ ಡಬಲ್ ರೊಟ್ಟಿಯ ನಡುವೆ ಇಟ್ಟು, ತವೆಯ ಮೇಲೆ ಒತ್ತಿ ಅಮ್ಮಿ ಕಟ್ಟಿಕೊಡುವ ಸ್ಯಾಂಡ್‌ವಿಚ್.

ಅದರಿಂದಲೇ ನನಗೆ ಒಂದು ಅಡ್ಡಹೆಸರು ಬಂತು. ಕಳೆದ ವರ್ಷ ಪ್ರಾಕ್ಟಿಕಲ್ ರೆಕಾರ್ಡ್ ಒಪ್ಪಿಸುವ ದಿನ ಬಿಡುವಿನಲ್ಲೂ ಕುಳಿತು ಬರೆಯುತ್ತಿದ್ದೆ. ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಸ್ಯಾಂಡ್‌ವಿಚ್. ರೆಕಾರ್ಡಿನ ಪುಟದ ಮೇಲೆ ಎಣ್ಣೆಯ ಒಂದು ಗುಂಡನೆಯ ಕಲೆ ಬಿತ್ತು. ಅಂದಿನಿಂದ ತರಗತಿಯಲ್ಲಿ ನನ್ನ ಹೆಸರು ಸ್ಯಾಂಡ್‌ವಿಚ್ ಎಂದಾಯಿತು. ಆ ರೆಕಾರ್ಡಿಗೆ ಒಳ್ಳೆಯ ಅಂಕ ಬಂದದ್ದು ಯಾರಿಗೂ ನೆನಪಿಲ್ಲ. ಕಲೆ ಎಲ್ಲರಿಗೂ ನೆನಪಿದೆ. ಮೊದಮೊದಲು ನಾನೂ ನಕ್ಕೆ, ಆಮೇಲೆ ಬೇಸರವಾಯಿತು. ಕೊನೆಗೆ ಈ ಹೆಸರಿನ ಮೂಲ ಮನುಷ್ಯ ಯಾರೆಂದು ತಿಳಿಯಲು ಗ್ರಂಥಾಲಯಕ್ಕೆ ಹೋದೆ. ಅವನ ಕಥೆಯೂ ಹೆಚ್ಚುಕಡಿಮೆ ನನ್ನದರಂತೆಯೇ ಇತ್ತು. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಹತ್ತನೇ ವಯಸ್ಸಿನಲ್ಲಿ ಪದವಿ

ಅವನ ಹೆಸರು ಜಾನ್ ಮಾಂಟೆಗು. ಹುಟ್ಟಿದ್ದು 1718ರ ನವೆಂಬರ್‌ನಲ್ಲಿ, ಇಂಗ್ಲೆಂಡಿನ ಒಂದು ಶ್ರೀಮಂತ ಮನೆತನದಲ್ಲಿ. ನಾಲ್ಕು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. 1729ರಲ್ಲಿ ಅಜ್ಜನೂ ತೀರಿಕೊಂಡಾಗ ಹತ್ತು ವರ್ಷದ ಆ ಹುಡುಗ ನಾಲ್ಕನೇ ಅರ್ಲ್ ಆಫ್ ಸ್ಯಾಂಡ್‌ವಿಚ್ ಆದ. ಅರ್ಲ್ ಎಂಬುದು ಅಲ್ಲಿನ ರಾಜರು ಕೊಡುತ್ತಿದ್ದ, ವಂಶದಲ್ಲಿ ಮುಂದುವರಿಯುವ ಒಂದು ಪದವಿ. ಸ್ಯಾಂಡ್‌ವಿಚ್ ಎಂಬುದು ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿರುವ ಕೆಂಟ್ ಪ್ರಾಂತ್ಯದ ಒಂದು ಪುಟ್ಟ ಊರು. ಒಂದು ಕಾಲಕ್ಕೆ ದೊಡ್ಡ ಬಂದರಾಗಿದ್ದ ಆ ಊರು ಹೂಳು ತುಂಬಿ ಸಮುದ್ರದಿಂದ ದೂರವಾಯಿತು. ಆ ಹೆಸರಿನ ಮೊದಲ ಭಾಗಕ್ಕೆ ಮರಳು ಎಂದೇ ಅರ್ಥ. ತಿನ್ನುವ ವಸ್ತುವಿಗೂ ಆ ಊರಿಗೂ ಬೇರೆ ಯಾವ ಸಂಬಂಧವೂ ಇಲ್ಲ.

ಈ ಪದವಿ ಮನೆತನಕ್ಕೆ ಬಂದ ಕಥೆಯೂ ಸ್ವಾರಸ್ಯವಾಗಿದೆ. ಮೊದಲನೇ ಅರ್ಲ್ ಎಡ್ವರ್ಡ್ ಮಾಂಟೆಗು ನೌಕಾಪಡೆಯ ಸೇನಾನಿ. ದೇಶ ಬಿಟ್ಟಿದ್ದ ಎರಡನೇ ಚಾರ್ಲ್ಸ್ ದೊರೆಯನ್ನು 1660ರಲ್ಲಿ ಹಡಗಿನಲ್ಲಿ ಮರಳಿ ಕರೆತಂದದ್ದಕ್ಕೆ ಅವನಿಗೆ ಈ ಗೌರವ ಸಿಕ್ಕಿತು. ಮೊದಲು ಅವನ ಪದವಿಗೆ ಪೋರ್ಟ್ಸ್‌ಮತ್ ಎಂಬ ಊರಿನ ಹೆಸರು ಇಡುವುದೆಂದಿತ್ತು. ಆಮೇಲೆ ಅದು ಸ್ಯಾಂಡ್‌ವಿಚ್ ಎಂದು ಬದಲಾಯಿತು. ಬದಲಾಗದೇ ಇದ್ದಿದ್ದರೆ ಇಂದು ನಾವು ಬೇಕರಿಯಲ್ಲಿ ಎರಡು ವೆಜ್ ಪೋರ್ಟ್ಸ್‌ಮತ್ ಕೊಡಿ ಎನ್ನಬೇಕಾಗಿತ್ತೋ ಏನೋ!

ತುರ್ಕರ ನಾಡಿನ ಪ್ರಯಾಣ

ಜಾನ್ ಓದಿದ್ದು ಈಟನ್ ಶಾಲೆಯಲ್ಲಿ, ಆಮೇಲೆ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿ. ಆ ಕಾಲದ ಶ್ರೀಮಂತರ ಮಕ್ಕಳು ಓದು ಮುಗಿಸಿ ಫ್ರಾನ್ಸ್, ಇಟಲಿ ಸುತ್ತಿ ಬರುತ್ತಿದ್ದರು. ಜಾನ್ ಅಷ್ಟಕ್ಕೆ ನಿಲ್ಲಲಿಲ್ಲ. 1738ರಲ್ಲಿ ಗೆಳೆಯರೊಂದಿಗೆ ಹಡಗು ಹತ್ತಿ ಇಟಲಿ ದಾಟಿ ಗ್ರೀಸ್, ಇಸ್ತಾಂಬುಲ್, ಈಜಿಪ್ಟ್‌ವರೆಗೂ ಹೋದ. ಅವೆಲ್ಲ ಆಗ ಉಸ್ಮಾನಿಯಾ ಸುಲ್ತಾನರ ಆಳ್ವಿಕೆಗೆ ಸೇರಿದ್ದ ನಾಡುಗಳು. ಲಿಯೊತಾರ್ ಎಂಬ ಸ್ವಿಸ್ ಚಿತ್ರಕಾರನೂ ಆ ತಂಡದಲ್ಲಿದ್ದ. ಜಾನ್ ಅಲ್ಲಿನ ಕಟ್ಟಡ, ಆಡಳಿತ, ಜನಜೀವನದ ಬಗ್ಗೆ ವಿವರವಾಗಿ ಬರೆದಿಟ್ಟ. ಆ ಪ್ರವಾಸ ಕಥನ ಅವನು ಸತ್ತ ಏಳು ವರ್ಷಗಳ ಮೇಲೆ, 1799ರಲ್ಲಿ ಅಚ್ಚಾಯಿತು. ಗ್ರೀಸಿನಿಂದ ತಂದ ಹಳೆಯ ಶಿಲಾಶಾಸನವೊಂದನ್ನು ಓದಿದ ಕಾಲೇಜಿಗೇ ಕೊಟ್ಟ. 1740ರಲ್ಲಿ ಬರೆಸಿದ ಅವನ ಒಂದು ಚಿತ್ರ ಲಂಡನ್ನಿನಲ್ಲಿದೆ. ಅದರಲ್ಲಿ ಅವನು ತುರ್ಕರ ನಿಲುವಂಗಿ, ಪೇಟ ಧರಿಸಿ ನಿಂತಿದ್ದಾನೆ.

ಆ ನಾಡುಗಳಲ್ಲಿ ರೊಟ್ಟಿಯ ನಡುವೆ ಮಾಂಸ ಇಟ್ಟು ತಿನ್ನುವುದು ಬಹಳ ಹಿಂದಿನಿಂದ ಇದ್ದ ರೂಢಿ. ನಮ್ಮಲ್ಲೂ ರೊಟ್ಟಿಯಲ್ಲಿ ಪಲ್ಯ ಸುತ್ತಿಕೊಂಡು ಹೊಲಕ್ಕೆ ಹೋಗುವವರು ಯಾವ ಇಂಗ್ಲಿಷ್ ಪ್ರಭುವಿನಿಂದಲೂ ಅದನ್ನು ಕಲಿತವರಲ್ಲ. ಸ್ಯಾಂಡ್‌ವಿಚ್ ಪ್ರಭು ತನ್ನ ತಿಂಡಿಯನ್ನು ತುರ್ಕರಿಂದಲೇ ಕಲಿತ ಎಂದು ಹೇಳುವವರಿದ್ದಾರೆ. ಅದು ಬರೀ ಊಹೆ. ಈ ಮನುಷ್ಯನ ವಿಷಯದಲ್ಲಿ ಊಹೆಗಳು ಈಗಾಗಲೇ ಬೇಕಾದಷ್ಟಿವೆ. ಒಂದು ಮಾತು ಮಾತ್ರ ನಿಜ. ಅವನು ಕೊಟ್ಟದ್ದು ಹೆಸರನ್ನು, ತಿಂಡಿಯನ್ನಲ್ಲ.

ಕಚೇರಿಯ ಮೇಜು

ಅವನ ಪದವಿ ದೊಡ್ಡದು, ಆಸ್ತಿ ಅದಕ್ಕೆ ತಕ್ಕಷ್ಟು ಇರಲಿಲ್ಲ. ಹಾಗಾಗಿ ಇತರ ಪ್ರಭುಗಳಂತೆ ಬೇಟೆಯಾಡುತ್ತ ಕಾಲ ಕಳೆಯದೆ ಸರಕಾರಿ ಕೆಲಸಕ್ಕೆ ಇಳಿದ. 1748ರಲ್ಲಿ ಯುರೋಪಿನ ದೊಡ್ಡ ಯುದ್ಧವೊಂದನ್ನು ನಿಲ್ಲಿಸಿದ ಎಕ್ಸ್‌-ಲಾ-ಶಪೆಲ್ ಒಪ್ಪಂದದಲ್ಲಿ ಬ್ರಿಟನ್ನಿನ ಪರವಾಗಿ ಮಾತುಕತೆ ನಡೆಸಿದವರಲ್ಲಿ ಅವನೂ ಒಬ್ಬ. ಆಗ ಅವನ ವಯಸ್ಸು 29. ಅದೇ ವರ್ಷ ಬ್ರಿಟಿಷ್ ನೌಕಾ ಇಲಾಖೆಯ ಮುಖ್ಯಸ್ಥನೂ ಆದ. ಮುಂದೆ 1763ರಲ್ಲಿ ಕೆಲವು ತಿಂಗಳು, ಮತ್ತೆ 1771ರಿಂದ 1782ರವರೆಗೆ ಅದೇ ಹುದ್ದೆಯಲ್ಲಿದ್ದ. ನಡುವೆ ವಿದೇಶ ವ್ಯವಹಾರ ನೋಡುವ ಮಂತ್ರಿಯಾಗಿದ್ದ, ಅಂಚೆ ಇಲಾಖೆಯನ್ನೂ ನಡೆಸಿದ.

ನೌಕಾ ಇಲಾಖೆ ಎಂದರೆ ಬರೀ ಯುದ್ಧವಲ್ಲ. ಮರ, ಹಗ್ಗ, ಹಾಯಿಬಟ್ಟೆ, ಸಾವಿರಾರು ಕೆಲಸಗಾರರು, ಲೆಕ್ಕಪತ್ರ. ಹಿಂದಿನ ಮುಖ್ಯಸ್ಥರು ಲಂಡನ್ನಿನಲ್ಲೇ ಕುಳಿತು ಕಾಗದ ನೋಡುತ್ತಿದ್ದರು. ಇವನು ಹಡಗು ಕಟ್ಟುವ ಅಂಗಳಗಳಿಗೆ ತಾನೇ ಹೋಗಿ ತಪಾಸಣೆ ಮಾಡಿದ. ಹಸಿ ಮರದಿಂದ ಕಟ್ಟಿದ ಹಡಗು ಬೇಗ ಕೊಳೆಯುತ್ತದೆ. ಆದ್ದರಿಂದ ಮರವನ್ನು ಮೊದಲೇ ಕೊಂಡು, ಚೆನ್ನಾಗಿ ಒಣಗಲು ಬಿಟ್ಟು ಬಳಸುವ ವ್ಯವಸ್ಥೆಗೆ ಒತ್ತು ಕೊಟ್ಟ.

ಅವನು ತಪ್ಪೇ ಮಾಡದವನಲ್ಲ. 1763ರಲ್ಲಿ ಜಾನ್ ವಿಲ್ಕ್ಸ್ ಎಂಬ ಪತ್ರಕರ್ತ ಮತ್ತು ಸಂಸದ ದೊರೆಯ ಸರಕಾರವನ್ನು ಟೀಕಿಸಿದ್ದಕ್ಕೆ ಕಷ್ಟಕ್ಕೆ ಸಿಲುಕಿದ. ಒಂದು ಕಾಲಕ್ಕೆ ಅವನ ಗೆಳೆಯನಾಗಿದ್ದ ಸ್ಯಾಂಡ್‌ವಿಚ್, ವಿಲ್ಕ್ಸ್‌ಗೆ ಸಂಬಂಧಿಸಿದ ಒಂದು ಅಶ್ಲೀಲ ಪದ್ಯವನ್ನು ಪ್ರಭುಗಳ ಸಭೆಯಲ್ಲಿ ಓದಿ ಅವನ ಮಾನ ಕಳೆದ. ಸಭೆಯಲ್ಲಿ ಗೆದ್ದವನು ಬೀದಿಯಲ್ಲಿ ಸೋತ. ಗೆಳೆಯನಿಗೆ ದ್ರೋಹ ಮಾಡಿದವನೆಂದು ಜನ ಅವನನ್ನು ಹಳಿದರು. ಆಗಿನ ಒಂದು ಜನಪ್ರಿಯ ನಾಟಕದಲ್ಲಿ ಗೆಳೆಯನನ್ನು ಹಿಡಿದುಕೊಡುವ ಕಳ್ಳನ ಪಾತ್ರವಿತ್ತು, ಹೆಸರು ಜೆಮ್ಮಿ ಟ್ವಿಚರ್. ಆ ಹೆಸರು ಸ್ಯಾಂಡ್‌ವಿಚ್‌ನಿಗೆ ಅಂಟಿಕೊಂಡು, ಅವನು ಬದುಕಿರುವವರೆಗೂ ಬಿಡಲಿಲ್ಲ.

ಎರಡು ಬ್ರೆಡ್ ಚೂರು, ಒಂದು ವಾಕ್ಯ

ಈಗ ಮುಖ್ಯ ವಿಷಯಕ್ಕೆ ಬರೋಣ. ಸ್ಯಾಂಡ್‌ವಿಚ್ ಹುಟ್ಟಿದ್ದು ಹೇಗೆ ಎಂದು ಯಾರನ್ನೇ ಕೇಳಿ, ಒಂದೇ ಕಥೆ ಹೇಳುತ್ತಾರೆ. ಜೂಜುಕೋರ ಪ್ರಭುವೊಬ್ಬ ಇಡೀ ದಿನ ಆಟದ ಮೇಜು ಬಿಟ್ಟು ಏಳಲಿಲ್ಲ, ಊಟಕ್ಕೆ ಎರಡು ಬ್ರೆಡ್ಡಿನ ನಡುವೆ ಮಾಂಸ ಇಟ್ಟು ತರಿಸಿಕೊಂಡ. ಈ ಕಥೆಯ ಮೂಲ ಪಿಯರ್ ಜಾನ್ ಗ್ರೋಸ್ಲೆ ಎಂಬ ಫ್ರೆಂಚ್ ಪ್ರವಾಸಿಯ ಪುಸ್ತಕ. ಅವನು ಲಂಡನ್ನಿಗೆ ಬಂದದ್ದು 1765ರಲ್ಲಿ, ಪುಸ್ತಕ ಬಂದದ್ದು 1770ರಲ್ಲಿ, ಇಂಗ್ಲಿಷಿಗೆ ಅನುವಾದವಾದದ್ದು 1772ರಲ್ಲಿ. ಒಬ್ಬ ಮಂತ್ರಿ 24 ಗಂಟೆ ಜೂಜಿನ ಮೇಜಿನಲ್ಲಿ ಕುಳಿತು, ಸುಟ್ಟ ಬ್ರೆಡ್ ಚೂರುಗಳ ನಡುವೆ ದನದ ಮಾಂಸ ಇಟ್ಟುಕೊಂಡು ತಿಂದನೆಂದೂ, ತಾನು ಲಂಡನ್ನಿನಲ್ಲಿ ಇದ್ದಾಗಲೇ ಆ ಹೊಸ ತಿಂಡಿ ಎಲ್ಲೆಡೆ ಹಬ್ಬಿತೆಂದೂ, ಆ ಮಂತ್ರಿಯ ಹೆಸರೇ ಅದಕ್ಕೆ ಬಂತೆಂದೂ ಗ್ರೋಸ್ಲೆ ಬರೆದ.

ಆದರೆ ರೋಮ್ ಸಾಮ್ರಾಜ್ಯದ ಇತಿಹಾಸ ಬರೆದ ಎಡ್ವರ್ಡ್ ಗಿಬ್ಬನ್ 1762ರ ನವೆಂಬರ್ 24ರ ತನ್ನ ದಿನಚರಿಯಲ್ಲೇ ಸ್ಯಾಂಡ್‌ವಿಚ್ ಎಂಬ ಪದವನ್ನು ಬಳಸಿದ್ದಾನೆ. ಲಂಡನ್ನಿನ ಒಂದು ಕ್ಲಬ್ಬಿನಲ್ಲಿ ದೊಡ್ಡ ಮನುಷ್ಯರು ಪುಟ್ಟ ಮೇಜುಗಳಲ್ಲಿ ಕುಳಿತು ಅದನ್ನು ತಿನ್ನುವುದನ್ನು ಅವನು ಕಂಡಿದ್ದ. ಅಂದರೆ ಗ್ರೋಸ್ಲೆ ಲಂಡನ್ನಿಗೆ ಬರುವ ಎರಡು ವರ್ಷ ಮೊದಲೇ ಹೆಸರು ಬಳಕೆಯಲ್ಲಿತ್ತು. ತನ್ನ ಕಣ್ಣೆದುರಿಗೇ ಹೊಸದಾಗಿ ಹುಟ್ಟಿತೆಂದು ಗ್ರೋಸ್ಲೆ ಹೇಳಿದ್ದು ಸರಿಯಲ್ಲ. ಅವನು ಊರಿನಲ್ಲಿ ಕೇಳಿದ ಮಾತನ್ನು ಬರೆದಿರಬೇಕು.

ಸ್ಯಾಂಡ್‌ವಿಚ್‌ನ ಜೀವನಚರಿತ್ರೆ ಬರೆದ ಇತಿಹಾಸಕಾರ ಎನ್. ಎ. ಎಂ. ರಾಜರ್ ಬೇರೆಯದೇ ದಾರಿ ತೋರಿಸುತ್ತಾರೆ. ಅವನು ದೊಡ್ಡ ಜೂಜುಕೋರ ಎನ್ನಲು ಆಧಾರ ಸಾಲದು. ಅವನು ಬೆಳಗ್ಗೆ ಬೇಗ ಎದ್ದು ಕೆಲಸಕ್ಕೆ ಕೂರುವವನು ಎನ್ನಲು ಆಧಾರವಿದೆ. ಆಗಿನ ಇಂಗ್ಲಿಷ್ ಶ್ರೀಮಂತರ ಮುಖ್ಯ ಊಟ ಮಧ್ಯಾಹ್ನ ಇಳಿದ ಮೇಲೆ. ಬೆಳಗಿನಿಂದ ಅಲ್ಲಿಯವರೆಗೆ ಮೇಜು ಬಿಡದೆ ಕಾಗದಪತ್ರ ನೋಡುವವನಿಗೆ ಒಂದು ಕೈಯಲ್ಲಿ ತಿನ್ನಲು ಬರುವ, ಕಾಗದಕ್ಕೆ ಜಿಡ್ಡು ಹತ್ತದ ಆಹಾರ ಬೇಕಾಗಿತ್ತು. ಆ ಮೇಜು ಜೂಜಿನದಲ್ಲ, ಕಚೇರಿಯದು ಎಂಬುದೇ ಹೆಚ್ಚು ಸಂಭವ. ಇದನ್ನು ಓದಿದಾಗ ನನ್ನ ರೆಕಾರ್ಡ್ ಪುಸ್ತಕ ನೆನಪಾಗಿ ನಗು ಬಂತು. ಆದರೆ ಕೆಲಸದ ಕಥೆಗಿಂತ ಜೂಜಿನ ಕಥೆ ಕೇಳಲು ಚೆನ್ನ. ಹಾಗಾಗಿ ಇನ್ನೂರೈವತ್ತು ವರ್ಷಗಳಿಂದ ಅದೇ ಓಡುತ್ತಿದೆ.

ರುಚಿ ಎಲ್ಲಿಂದ ಬಂತು?

ಹೆಸರು ಹೇಗೇ ಬಂದಿರಲಿ, ತಿಂಡಿ ರುಚಿಯಿಲ್ಲದಿದ್ದರೆ ಉಳಿಯುತ್ತಿರಲಿಲ್ಲ. ಗ್ರೋಸ್ಲೆ ಹೇಳಿದ ತಿಂಡಿಯನ್ನೇ ನೋಡಿ. ಬ್ರೆಡ್ಡನ್ನು ಸುಟ್ಟಾಗ ಹೊರಮೈ ಒಣಗಿ ಕಂದಾಗುತ್ತದೆ. ಹೊಸ ಪರಿಮಳ ಬರುತ್ತದೆ, ಒಳಗಿನ ರಸವೂ ಬೇಗ ಹೀರಿಕೊಳ್ಳುವುದಿಲ್ಲ. ಮಾಂಸವನ್ನು ತೆಳ್ಳಗೆ, ಎಳೆಗಳಿಗೆ ಅಡ್ಡವಾಗಿ ಕೊಯ್ದರೆ ಹಲ್ಲಿಗೆ ಸುಲಭವಾಗಿ ಸಿಗುತ್ತದೆ. ದಪ್ಪಗೆ ಕೊಯ್ದರೆ ಮೊದಲ ಕಡಿತಕ್ಕೇ ಇಡೀ ತುಂಡು ಹೊರಗೆ ಬಂದು ಕೈಯಲ್ಲಿ ಬರೀ ಬ್ರೆಡ್ ಉಳಿಯುತ್ತದೆ. ಇದು ನಮ್ಮೆಲ್ಲರ ಅನುಭವ!

ಬೇಕರಿಯವರು ಮೊದಲು ಬೆಣ್ಣೆ ಹಚ್ಚಿ ಆಮೇಲೆ ಚಟ್ನಿ ಸವರುವುದನ್ನು ಗಮನಿಸಿದ್ದೀರಾ? ಬೆಣ್ಣೆ ರುಚಿಗೆ ಮಾತ್ರವಲ್ಲ. ಜಿಡ್ಡಿನ ಆ ತೆಳುಪದರ ಚಟ್ನಿಯ, ಟೊಮೆಟೊದ ನೀರು ಬ್ರೆಡ್ಡಿಗೆ ಇಳಿಯದಂತೆ ತಡೆಯುತ್ತದೆ. ಅಂಚಿನವರೆಗೂ ಹಚ್ಚಬೇಕು, ಇಲ್ಲದಿದ್ದರೆ ಮೂಲೆಗಳು ಮೆತ್ತಗಾಗುತ್ತವೆ. ಇಂಗ್ಲಿಷರು ಮಾಂಸದ ಜಿಡ್ಡಿಗೆ ಸಾಸಿವೆಯ ಖಾರ ಸೇರಿಸಿದರು, ನಾವು ಪುದೀನ, ಹಸಿಮೆಣಸು, ನಿಂಬೆ ಸೇರಿಸಿದೆವು. ಲೆಕ್ಕ ಒಂದೇ: ಜಿಡ್ಡಿಗೆ ಹುಳಿ ಅಥವಾ ಖಾರ ಬೇಕು, ಮೆತ್ತಗಿನದಕ್ಕೆ ಗರಿಗರಿ ಬೇಕು. ತಟ್ಟೆಯ ಊಟದಲ್ಲಿ ಅನ್ನ, ಸಾರು, ಪಲ್ಯಗಳನ್ನು ಕಲಸಿಕೊಳ್ಳುವುದು ನಮ್ಮ ಕೆಲಸ. ಸ್ಯಾಂಡ್‌ವಿಚ್‌ನಲ್ಲಿ ಪ್ರತಿ ಕಡಿತಕ್ಕೂ ಎಲ್ಲವೂ ಒಟ್ಟಿಗೆ ಬಾಯಿಗೆ ಬರುವಂತೆ ಮಾಡಿದವರೇ ಜೋಡಿಸಿಟ್ಟಿರುತ್ತಾರೆ. ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದರೆ ಒಳಗಿನ ಹಬೆ ನೀರಾಗಿ ಎಲ್ಲ ಕೆಡಿಸುತ್ತದೆ. ಅದಕ್ಕೇ ಅಮ್ಮಿ ಆರಲು ಬಿಟ್ಟು ಡಬ್ಬಿ ಕಟ್ಟುತ್ತಾರೆ, ನಾನು ಬಸ್ಸಿಗೆ ತಡವಾಯಿತೆಂದು ಗೋಳಾಡುತ್ತೇನೆ.

ಬ್ರೆಡ್ ನಮ್ಮ ಕರಾವಳಿಗೆ ಬಂದದ್ದು ಪೋರ್ಚುಗೀಸರೊಂದಿಗೆ. ಪಾವ್ ಎಂಬ ಪದವೂ ಅವರದೇ. ಅಚ್ಚುಕಟ್ಟಾಗಿ ಕೊಯ್ದ ಬ್ರೆಡ್ಡಿನ ಪೊಟ್ಟಣ ಮೊದಲು ಅಂಗಡಿಗೆ ಬಂದದ್ದು 1928ರ ಜುಲೈ 7ರಂದು, ಅಮೆರಿಕದ ಚಿಲಿಕಾತಿ ಎಂಬ ಊರಿನಲ್ಲಿ, ಓಟೊ ರೋವೆಡರ್ ಮಾಡಿದ ಯಂತ್ರದಿಂದ. ಆಮೇಲೆ ಸ್ಯಾಂಡ್‌ವಿಚ್ ಪ್ರಭುಗಳ ತಿಂಡಿಯಾಗಿ ಉಳಿಯಲಿಲ್ಲ, ಶಾಲೆಗೆ ಹೋಗುವ ಮಕ್ಕಳ, ಕಾರ್ಖಾನೆಗೆ ಹೋಗುವ ಕೆಲಸಗಾರರ ಬುತ್ತಿಯಾಯಿತು.

ಸಾಗರಗಳು, ಯುದ್ಧಗಳು

ಮತ್ತೆ ನಮ್ಮ ಪ್ರಭುವಿನ ಕಡೆ ಬರೋಣ. ಭೂಗೋಳದಲ್ಲಿ ನಾವು ಓದುವ ಕ್ಯಾಪ್ಟನ್ ಜೇಮ್ಸ್ ಕುಕ್‌ನ ಎರಡನೇ ಮತ್ತು ಮೂರನೇ ಸಮುದ್ರಯಾನಗಳಿಗೆ ಬೆಂಬಲವಾಗಿ ನಿಂತದ್ದು ಈ ಸ್ಯಾಂಡ್‌ವಿಚ್. 1778ರ ಜನವರಿಯಲ್ಲಿ ಹವಾಯಿ ದ್ವೀಪಗಳನ್ನು ತಲುಪಿದ ಕುಕ್ ಅವುಗಳಿಗೆ ಸ್ಯಾಂಡ್‌ವಿಚ್ ದ್ವೀಪಗಳೆಂದೇ ಹೆಸರಿಟ್ಟ. ಅಲ್ಲಿನ ಜನರ ಹೆಸರೇ ಮತ್ತೆ ಗೆದ್ದು ಇಂದು ಅದು ಹವಾಯಿ. ಆದರೆ ದಕ್ಷಿಣ ಅಟ್ಲಾಂಟಿಕ್‌ನಲ್ಲಿ, ಹಿಮ ಮುಚ್ಚಿದ ದಕ್ಷಿಣ ಸ್ಯಾಂಡ್‌ವಿಚ್ ದ್ವೀಪಗಳು ಭೂಪಟದಲ್ಲಿ ಈಗಲೂ ಇವೆ.

ಬ್ರಿಟನ್ನಿನ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸಿದ್ದೂ ಅವನ ಕಾಲದಲ್ಲೇ. ಸಮುದ್ರದ ಹುಳುಗಳು ಮರ ಕೊರೆಯುತ್ತಿದ್ದವು, ಪಾಚಿ ಬೆಳೆದು ಹಡಗು ನಿಧಾನವಾಗುತ್ತಿತ್ತು. ತಾಮ್ರ ಎರಡನ್ನೂ ತಡೆಯಿತು. 1779ರಿಂದ ಕೆಲವೇ ವರ್ಷಗಳಲ್ಲಿ ಇಡೀ ಪಡೆಗೆ ತಾಮ್ರ ಹೊದಿಸಲಾಯಿತು. ದುಬಾರಿ ಕೆಲಸ, ಧೈರ್ಯದ ನಿರ್ಧಾರ.

ಅವನ ಹೆಸರಿಗೂ ನಮ್ಮ ನಾಡಿಗೂ ಒಂದು ಕಹಿ ಸಂಬಂಧವಿದೆ. 1780ರಲ್ಲಿ ಹೈದರ್ ಅಲಿ ಬ್ರಿಟಿಷರ ಮೇಲೆ ಯುದ್ಧಕ್ಕೆ ಹೊರಟಾಗ ನೌಕಾ ಇಲಾಖೆಯ ಮುಖ್ಯಸ್ಥ ಇದೇ ಸ್ಯಾಂಡ್‌ವಿಚ್. ಆ ಡಿಸೆಂಬರ್‌ನಲ್ಲಿ ಅಡ್ಮಿರಲ್ ಹ್ಯೂಸ್‌ನ ಹಡಗುಗಳು ಮಂಗಳೂರಿನಲ್ಲಿದ್ದ ಹೈದರನ ನೌಕೆಗಳನ್ನು ನಾಶ ಮಾಡಿದವು. ಲಂಡನ್ನಿನ ಮೇಜಿನ ಮೇಲಿನ ಕಾಗದಗಳು ನಮ್ಮ ಕರಾವಳಿಯವರೆಗೂ ಕೈ ಚಾಚಿದ್ದವು ಎಂಬುದನ್ನು ಮರೆಯಬಾರದು.

ಅವನ ಬದುಕಿನ ಅತಿ ಕೆಟ್ಟ ವರ್ಷ 1779. ಮಾನಸಿಕ ಕಾಯಿಲೆಗೆ ತುತ್ತಾದ ಪತ್ನಿ ಡೊರೊಥಿ ಬಹಳ ಹಿಂದೆಯೇ ಬೇರೆಯಾಗಿದ್ದಳು. ಅನೇಕ ವರ್ಷಗಳಿಂದ ಅವನ ಜೊತೆಗಿದ್ದು ಅವನ ಮಕ್ಕಳ ತಾಯಿಯಾಗಿದ್ದವಳು ಮಾರ್ತಾ ರೇ ಎಂಬ ಗಾಯಕಿ. 1779ರ ಏಪ್ರಿಲ್ 7ರ ರಾತ್ರಿ ನಾಟಕಶಾಲೆಯಿಂದ ಹೊರಬರುತ್ತಿದ್ದ ಅವಳನ್ನು ಜೇಮ್ಸ್ ಹ್ಯಾಕ್‌ಮನ್ ಎಂಬ ಯುವಕ ಗುಂಡಿಟ್ಟು ಕೊಂದ. ಹನ್ನೆರಡು ದಿನಗಳಲ್ಲಿ ಅವನಿಗೆ ಗಲ್ಲಾಯಿತು. ಊರೆಲ್ಲ ಅದೇ ಮಾತು, ಪತ್ರಿಕೆಗಳಿಗೆ ಹಬ್ಬ. ಆ ದುಃಖದಲ್ಲೇ ಸ್ಯಾಂಡ್‌ವಿಚ್ ಕೆಲಸಕ್ಕೆ ಮರಳಬೇಕಾಯಿತು. ಫ್ರಾನ್ಸ್ ಮತ್ತು ಸ್ಪೇನ್ ಹಡಗುಗಳು ಆಗಸ್ಟಿನಲ್ಲಿ ಪ್ಲಿಮತ್ ಬಂದರಿನ ಎದುರಿಗೇ ಬಂದು ನಿಂತಿದ್ದವು. ಮಾರ್ತಾಳ ಮಗ ಬೇಸಿಲ್ ಮಾಂಟೆಗು ಮುಂದೆ ವಕೀಲನಾಗಿ, ಸಣ್ಣಪುಟ್ಟ ಅಪರಾಧಗಳಿಗೂ ಗಲ್ಲು ವಿಧಿಸುವ ಕಾನೂನುಗಳ ವಿರುದ್ಧ ದುಡಿದ. ತಾಯಿಯನ್ನು ಕೊಂದವನನ್ನು ಗಲ್ಲಿಗೇರಿಸಿದಾಗ ಎಂಟೊಂಬತ್ತು ವರ್ಷದ ಹುಡುಗನಾಗಿದ್ದವನು ಆ ದಾರಿ ಹಿಡಿದದ್ದು ನನಗೆ ಈ ಇಡೀ ಕಥೆಯಲ್ಲೇ ದೊಡ್ಡ ವಿಷಯವೆನಿಸುತ್ತದೆ.

ಕೊನೆಗೆ ಅಮೆರಿಕ ಕೈತಪ್ಪಿತು. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನೆ ಶರಣಾಯಿತು. ಒಂದೇ ಹೊತ್ತಿಗೆ ನಾಲ್ಕು ಶತ್ರುಗಳೊಂದಿಗೆ ಹೋರಾಡಲು ಸಾಲುವಷ್ಟು ಹಡಗುಗಳು ಇರಲಿಲ್ಲ. ಆದರೂ ನೌಕಾಪಡೆಯ ಸೋಲಿನ ಹೊರೆಯೆಲ್ಲ ಸ್ಯಾಂಡ್‌ವಿಚ್‌ನ ತಲೆಗೆ ಬಂತು. 1782ರ ಮಾರ್ಚ್‌ನಲ್ಲಿ ಸರಕಾರ ಬಿತ್ತು, ಅವನ ಹುದ್ದೆಯೂ ಹೋಯಿತು. ಏಪ್ರಿಲ್ 12ರಂದು, ಅವನು ತಾಮ್ರ ಹೊದಿಸಿದ್ದ ಹಡಗುಗಳೇ ವೆಸ್ಟ್ ಇಂಡೀಸ್‌ನ ಸಮುದ್ರದಲ್ಲಿ ಫ್ರೆಂಚರ ಮೇಲೆ ದೊಡ್ಡ ಗೆಲುವು ಪಡೆದವು. ಆಗ ಕುರ್ಚಿಯಲ್ಲಿ ಬೇರೆಯವರಿದ್ದರು.

ಉಳಿದದ್ದು ಯಾವುದು?

ಆಮೇಲೆ ಅವನು ತನ್ನ ಪ್ರೀತಿಯ ಸಂಗೀತಕ್ಕೆ ಮರಳಿದ. 1784ರಲ್ಲಿ ಲಂಡನ್ನಿನಲ್ಲಿ ನಡೆದ ಸಂಗೀತಗಾರ ಹ್ಯಾಂಡೆಲ್‌ನ ದೊಡ್ಡ ಸ್ಮರಣೋತ್ಸವವನ್ನು ಏರ್ಪಡಿಸಿದವರಲ್ಲಿ ಅವನೂ ಇದ್ದ. 1792ರ ಏಪ್ರಿಲ್ 30ರಂದು, 73ನೇ ವಯಸ್ಸಿನಲ್ಲಿ ತೀರಿಕೊಂಡ.

ಹಂಟಿಂಗ್ಡನ್‌ನಲ್ಲಿದ್ದ ಅವನ ಮನೆ ಹಿಂಚಿಂಗ್‌ಬ್ರೂಕ್ ಈಗ ಒಂದು ಶಾಲೆಯ ಭಾಗ. ನಮ್ಮ ಪಿಯುಸಿಗೆ ಸಮನಾದ ತರಗತಿಗಳ ವಿದ್ಯಾರ್ಥಿಗಳು ಅಲ್ಲಿ ಓದುತ್ತಾರೆ. ಅವರೂ ಬಿಡುವಿನಲ್ಲಿ ಡಬ್ಬಿ ತೆರೆದು ಸ್ಯಾಂಡ್‌ವಿಚ್ ತಿನ್ನುತ್ತಿರಬಹುದು. ಮೂವತ್ತಕ್ಕೂ ಹೆಚ್ಚು ವರ್ಷ ಸಾರ್ವಜನಿಕ ಜೀವನದಲ್ಲಿ ಇದ್ದವನ ಹೆಸರು ಜಗತ್ತಿನ ನಾಲಿಗೆಯ ಮೇಲೆ ಉಳಿದದ್ದು ಅವನು ಕಟ್ಟಿದ ಹಡಗಿನಿಂದಲ್ಲ, ಕಳುಹಿಸಿದ ಯಾನದಿಂದಲ್ಲ, ಎರಡು ಕೆಲಸಗಳ ನಡುವೆ ತಿಂದ ತುತ್ತಿನಿಂದ. ಅದರ ಜೊತೆಗೆ ಒಬ್ಬ ಪ್ರವಾಸಿ ಕೇಳಿ ಬರೆದ ಮಾತೂ ಉಳಿಯಿತು.

ಗೆಳೆಯರೇ, ಒಬ್ಬರ ಬಗ್ಗೆ ಕೇಳಿದ ಮಾತನ್ನು ನಾವು ಎಷ್ಟು ಬೇಗ ಮುಂದಕ್ಕೆ ದಾಟಿಸುತ್ತೇವೆ! ವಾಟ್ಸಾಪ್ ಗುಂಪಿನಲ್ಲಿ ಒಂದು ಒತ್ತು ಸಾಕು. ಅದು ನಿಜವೇ ಎಂದು ಒಮ್ಮೆ ಕೇಳಿಕೊಳ್ಳಲು ಗಿಬ್ಬನ್‌ನ ದಿನಚರಿಯೇನೂ ಬೇಕಾಗಿಲ್ಲ, ಒಂದು ನಿಮಿಷದ ತಾಳ್ಮೆ ಸಾಕು. ತಪ್ಪಿದ್ದರೆ ತಪ್ಪೆನ್ನೋಣ. ವಿಲ್ಕ್ಸ್‌ಗೆ ಸ್ಯಾಂಡ್‌ವಿಚ್ ಮಾಡಿದ್ದು ತಪ್ಪೇ. ಮಾಡದ ತಪ್ಪನ್ನು ಮಾತ್ರ ಯಾರ ಹೆಸರಿಗೂ ಅಂಟಿಸುವುದು ಬೇಡ.

ನನ್ನ ಅಡ್ಡಹೆಸರಿನ ಬಗ್ಗೆ ಈಗ ನನಗೆ ಬೇಸರವಿಲ್ಲ. ಕರೆಯುವವರು ಕರೆಯಿರಿ. ಆದರೆ ಮುಂದಿನ ಸಲ ಬೇಕರಿಯಲ್ಲಿ ಸ್ಯಾಂಡ್‌ವಿಚ್ ಕೈಗೆತ್ತಿಕೊಂಡಾಗ ಜೂಜಿನ ಮೇಜನ್ನಲ್ಲ, ಕಾಗದಗಳ ರಾಶಿಯ ಹಿಂದೆ ಕುಳಿತ ಒಬ್ಬ ಹಸಿದ ಮನುಷ್ಯನನ್ನು ನೆನೆಯಿರಿ. ರೆಕಾರ್ಡ್ ಪುಸ್ತಕವನ್ನು ಮಾತ್ರ ಸ್ವಲ್ಪ ದೂರ ಇಟ್ಟುಕೊಳ್ಳಿ.